ಬೀಗರಿಬ್ಬರ ಸಕ್ಕರೆ

ಗುಡೇಕೋಟೆಯ ಕರಿಸಿದ್ದಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ಮೀಸೆ ಸರಿಯಾಗಿ ಬಲಿಯುವ ಮೊದಲೇ. ಕುರಿ ಹಿಂದೆ ಗುಡ್ಡ ಸುತ್ತಿ ಒಣಗಿದ ಆಳು, ಮೈಮೇಲೆ ಹಿಡಿ ಮಾಂಸವಿಲ್ಲ. ಊರಿನವರ ಪ್ರಕಾರ ಅದು ಕೂತು ಉಣ್ಣುವ ಸಾಹುಕಾರರ ರೋಗ. ಹೀಗಾಗಿ ಜನ ಅವನಿಗಾಗಿ ಮರುಗಲಿಲ್ಲ, ಅನುಮಾನಪಟ್ಟರು. ಗುಡ್ಡದಲ್ಲಿ ನಿಧಿ ಸಿಕ್ಕಿರಬೇಕು, ಕದ್ದು ಲಾಡು ತಿನ್ನುತ್ತಾನೆ ಅಂದರು.

ಪೇಟೆಯ ಡಾಕ್ಟರೊಬ್ಬರು ತಲೆಯೆತ್ತಿಯೂ ನೋಡದೆ ಎಲ್ಲರಿಗೂ ಹೇಳುವುದನ್ನೇ ಹೇಳಿದರು: ಅನ್ನ ಬಿಡಬೇಕು, ಮುದ್ದೆ ಉಣ್ಣಬೇಕು, ದಿನಾ ತುಸು ನಡೆಯಬೇಕು. ಹಬ್ಬಕ್ಕೊಮ್ಮೆ ಅನ್ನ ಕಾಣುವ ಕುರಿಗಾಹಿ, “ಆಗಲ್ರಿ ಸಾಹೇಬ್ರ, ಇನ್ನು ಮುಂದ ನಡೀತೀನಿ” ಎಂದು ಕೈಮುಗಿದು ಹೊರಬಿದ್ದ.

ಅವನಪ್ಪನಿಗೂ ಹೀಗೇ ಆಗಿತ್ತು, ಅಜ್ಜಿಗೂ ಆಗಿತ್ತು. ಅಜ್ಜಿ ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತುವುದನ್ನು ಕಂಡು ಮನೆಯವರು ಆಕೆಯ ಮೈಯಲ್ಲಿ ದೇವರಿದೆ ಎಂದು ಅಡ್ಡಬೀಳುತ್ತಿದ್ದರಂತೆ.

ಎಂಬತ್ತೊಂದನೇ ಇಸವಿಯಲ್ಲಿ ದೂರದ ಶಹರದಿಂದ ಸಂಶೋಧನೆಯ ಡಾಕ್ಟರೊಬ್ಬರು ಬಂದು ಕೂಡ್ಲಿಗಿಯ ಛತ್ರದಲ್ಲಿ ವಾರವಿಡೀ ಬೀಡುಬಿಟ್ಟರು. ತೆಳ್ಳಗಿನವರಿಗೂ ಎಳೆಯ ವಯಸ್ಸಿನಲ್ಲೇ ಬಂದು, ರಕ್ತದಲ್ಲೇ ಇಳಿಯುತ್ತ ಹೋಗುವ ಸಕ್ಕರೆಯೊಂದು ಇದೆಯಂತೆ. ಅಂಥ ಮನೆತನದವರನ್ನು ಅವರು ಹುಡುಕುತ್ತಿದ್ದರು. ಈ ಸುದ್ದಿ ಕಿವಿಗೆ ಬಿದ್ದಾಗ, ತಾನು ಕದ್ದು ಲಾಡು ತಿಂದವನಲ್ಲ ಎಂದು ಕೊನೆಗೂ ಒಬ್ಬರು ಹೇಳಿದರಲ್ಲ ಎಂದು ಕರಿಸಿದ್ದಪ್ಪನಿಗೆ ಸಂತೋಷವಾಯಿತು. ಮರುಗಳಿಗೆಯೇ ಮಗಳ ನೆನಪಾಯಿತು. ಮಗಳು ಮೈಲಮ್ಮನನ್ನು ತೆಲಿಗಿಯ ಬಂಗಾರಪ್ಪನ ಮಗನಿಗೆ ಕೊಡುವ ಮಾತಾಗಿ, ಮುಂದಿನ ವಾರವೇ ನಿಶ್ಚಿತಾರ್ಥದ ವೀಳ್ಯವಿತ್ತು. ರಕ್ತದಲ್ಲಿ ಇಳಿಯುವ ರೋಗ ಎಂದು ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿದಂತೆಯೇ.

ಆದರೂ ತಡೆಯಲಾರದೆ ತಲೆತುಂಬ ಕಂಬಳಿ ಹೊದ್ದು ಛತ್ರಕ್ಕೆ ಹೋದ. ಅಲ್ಲಿ ರಕ್ತ ತೆಗೆದು, ಪರೀಕ್ಷೆಗೆಂದು ಕೈಗೊಂದು ಲೋಟ ಸಿಹಿನೀರು ಕೊಟ್ಟು ಕೂರಿಸಿದರು. ಸಕ್ಕರೆ ಬಿಡು ಅನ್ನುವ ಡಾಕ್ಟರರೇ ಸಕ್ಕರೆ ಕುಡಿಸುವುದು ಯಾವ ನ್ಯಾಯವೆಂದು ಯೋಚಿಸುತ್ತ ಪಕ್ಕಕ್ಕೆ ತಿರುಗಿದರೆ, ಇನ್ನೊಂದು ಕಂಬಳಿಯೊಳಗೆ ಇನ್ನೊಂದು ಲೋಟ. ಹಿಡಿದವನು ಬಂಗಾರಪ್ಪ!

“ಏನ್ರಿ ಬೀಗ್ರ, ಇಲ್ಲಿ?” ಎಂದ ಕರಿಸಿದ್ದಪ್ಪ.

“ಸಂತಿಗೆ ಬಂದಿದ್ದೆ. ಬಾಯಾರಿಕಿ ಆತು, ಕರದು ಕೊಟ್ರು. ನೀವು?”

“ನಾನೂ ಸಂತಿಗೇ ರೀ.”

ಅಂದು ಸಂತೆಯ ದಿನವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಇಬ್ಬರೂ ಕಂಬಳಿ ಸರಿಪಡಿಸಿಕೊಂಡರು. ಅಷ್ಟರಲ್ಲಿ ಡಾಕ್ಟರು ಬಂದು, “ಬಂಗಾರಪ್ಪ, ನಿಮ್ಮ ತಾಯಿಗೂ ಸಣ್ಣ ವಯಸ್ಸಿನಲ್ಲೇ ಬಂದಿತ್ತು ಅಂದಿರಲ್ಲ?” ಎಂದು ಗಟ್ಟಿಯಾಗಿ ಕೇಳಿಬಿಟ್ಟರು.

ಗುಟ್ಟು ರಟ್ಟಾಯಿತು. ಕರಿಸಿದ್ದಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಛಲೋ ಆತು ಬಿಡ್ರಿ. ಇನ್ನು ಯಾರೂ ಯಾರಿಗೂ ಅನ್ನಂಗಿಲ್ಲ!”

ಇವರಿಬ್ಬರೂ ಬೀಗರಾಗುವವರೆಂದು ತಿಳಿದ ಡಾಕ್ಟರು ಹಣೆ ಚಚ್ಚಿಕೊಂಡರು. “ಎರಡೂ ಕಡೆ ಇದ್ದರೆ ಹುಟ್ಟುವ ಮಕ್ಕಳಿಗೆ ಅಪಾಯ ಹೆಚ್ಚು. ಮೊದಲು ಹುಡುಗ ಹುಡುಗಿಯ ರಕ್ತ ತೋರಿಸಿ.”

“ಮನಿತನ ಸರಿಸಮ ಐತಿ ಅಂತ ನೀವಾ ಹೇಳ್ದಂಗಾತಲ್ರಿ ಸಾಹೇಬ್ರ” ಎಂದ ಬಂಗಾರಪ್ಪ. ಬೀಗರಿಬ್ಬರೂ ಹೋಟೆಲಿಗೆ ಹೋಗಿ, ಸಕ್ಕರೆ ಜಾಸ್ತಿ ಹಾಕಿಸಿ ಚಹಾ ಕುಡಿದು ಸಂಬಂಧ ಗಟ್ಟಿ ಮಾಡಿಕೊಂಡರು.

ಮನೆಗೆ ಬಂದ ಕರಿಸಿದ್ದಪ್ಪ ಹೆಂಡತಿ ಭರಮಮ್ಮನಿಗೆ ನಡೆದದ್ದನ್ನೆಲ್ಲ ಬಣ್ಣಿಸಿದ. ಆಕೆ ದೇವರು ದೊಡ್ಡವನೆಂದು ದೀಪ ಹಚ್ಚಿದಳು. ಒಲೆಯ ಮುಂದಿದ್ದ ಮೈಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಪ್ಪಾ, ಹ್ವಾದ ವರ್ಷ ಟಗರು ತರಾಕ ಹೋದಾಗ ಅದರ ತಾಯಿನ್ನ ನೋಡಿದಿ, ಅದನ್ನ ಹುಟ್ಟಿಸಿದ ಟಗರನ್ನೂ ನೋಡಿದಿ. ನಮ್ಮ ಹಿಂಡಿನಾಗಿರೋ ಕುಂಟು ಅದರಾಗೂ ಐತಿ, ಹುಟ್ಟೋ ಮರಿ ಕುಂಟತಾವು ಅಂತ ಬ್ಯಾಡಂದು ಬಂದಿ. ನನ್ನ ಹೊಟ್ಯಾಗ ಹುಟ್ಟೋವಕ್ಕ ಅಷ್ಟೂ ವಿಚಾರ ಬ್ಯಾಡೇನು?”

ಕರಿಸಿದ್ದಪ್ಪನ ನಗು ನಿಂತುಹೋಯಿತು. ಮಗಳ ಮುಖ ನೋಡಲು ನಾಚಿಕೆಯಾಗಿ ತಲೆ ತಗ್ಗಿಸಿದ. “ಮುಂಜಾನಿ ಏನೂ ಉಣ್ಣಬ್ಯಾಡ, ಮೈಲವ್ವ. ರಕ್ತ ತಗೋತಾರ” ಎಂದ. ವೀಳ್ಯ ಸದ್ಯಕ್ಕೆ ಬೇಡ, ಹುಡುಗನನ್ನೂ ಛತ್ರಕ್ಕೆ ಕರೆತನ್ನಿ ಎಂದು ತೆಲಿಗಿಗೆ ಹೇಳಿಕಳಿಸಿದ.