ಆಡಿಗೆ ಹಾಸಿದ ಸೊಪ್ಪು

ಗುಡ್ಡ ಜಾರಿ ನಮ್ಮ ಗದ್ದೆಯ ಮೇಲೆ ಬಂದು ಕೂತ ವರ್ಷ ನಾವು ಯಲ್ಲಾಪುರ ತಾಲೂಕಿನ ನಮ್ಮ ಕೇರಿ ಬಿಟ್ಟು ಇಸಳೂರಿನ ಬಾಡಿಗೆ ಖೋಲಿಗೆ ಹೋದೆವು. ನಾನು, ನಮ್ಮವರು, ಅತ್ತೆ. ಇದ್ದ ಎರಡು ದನವನ್ನು ನೆಂಟರ ಮನೆಗೆ ಕೊಟ್ಟಾಗಿತ್ತು. ಮೂರು ವರ್ಷ ನಾನು ಅವರಿವರ ಅಂಗಳದಲ್ಲಿ ಅಡಿಕೆ ಸುಲಿದೆ, ನಮ್ಮವರು ಗಾರೆ ಕೆಲಸಕ್ಕೆ ಹೋದರು. ಇಸಳೂರು ಕೆಟ್ಟ ಊರೇನಲ್ಲ. ನಲ್ಲಿಯಲ್ಲಿ ನೀರಿತ್ತು, ಕರೆದಲ್ಲಿ ಬಸ್ಸಿತ್ತು. ಆದರೆ ಇದು ನನ್ನದು ಎಂದು ಹೇಳಿಕೊಳ್ಳುವ ಕೆಲಸ ಒಂದೂ ಇರಲಿಲ್ಲ. ನನಗೆ ಅಲ್ಲಿ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹಳ್ಳದ ಈಚೆಯ ಮನೆಗಳಿಗೆ ಭಯವಿಲ್ಲ, ಬೇಕಾದವರು ಹೋಗಿ ಇರಬಹುದು ಎಂದು ತಾಲೂಕು ಕಚೇರಿಯವರು ಹೇಳಿದ ದಿನವೇ ನಾನು ಹೊರಟು ನಿಂತೆ. “ಗದ್ದೆ ಮಣ್ಣಿನಡಿಗೆ ಅದೆ. ಅಲ್ಲಿ ಹೋಗಿ ಎಂತ ಮಾಡ್ತೀಯೆ ಮಾರಾಯ್ತಿ?” ಎಂದರು ನಮ್ಮವರು. ಆಡು ಸಾಕುತ್ತೇನೆ ಎಂದೆ. ಗದ್ದೆಯ ಮೇಲೆ ಬಿದ್ದ ಮಣ್ಣಿನಲ್ಲಿ ಸೊಂಟದೆತ್ತರ ಪೊದೆ, ಬಳ್ಳಿ ಬೆಳೆದಿದ್ದವು. ನೇಗಿಲಿಗೆ ಬೇಡವಾದದ್ದು ಆಡಿಗೆ ಹಬ್ಬ ಎಂದು ನಾನು ಆಗಲೇ ನೋಡಿ ಬಂದಿದ್ದೆ.

ಅವರು ಒಂದು ಕರಾರು ಹಾಕಿದರು. “ಒಂದು ಮಳೆಗಾಲ ನೋಡುವ. ಒಂದೇ ಒಂದು ಆಡು ಸತ್ರೂ ಉಳಿದದ್ದು ಮಾರಿ ವಾಪಸ್ ಬರೂದು. ಆಮೇಲೆ ಮಾತಿಲ್ಲ.” ಅವರು ಕೆಲಸಕ್ಕಾಗಿ ಖೋಲಿಯಲ್ಲೇ ಉಳಿಯುವುದು, ನಾನೂ ಅತ್ತೆಯೂ ಊರಿಗೆ ಹೋಗುವುದು ಎಂದಾಯಿತು. ನಾನು ಒಪ್ಪಿದೆ. ಮಳೆಗಾಲ ಎಂದರೇನು ಎಂದು ನಮಗೆ ಯಾರಾದರೂ ಹೇಳಿಕೊಡಬೇಕೇ?

ಗುಡ್ನಾಪುರದ ಕಡೆಯ ಒಬ್ಬ ಹೆಂಗಸು ಆಡು ಸಾಕುತ್ತಿದ್ದಳು. ಅವಳಿಂದ ಆರು ತಂದು ನಮ್ಮ ಹಳೆಯ ದನದ ಕೊಟ್ಟಿಗೆಯಲ್ಲಿ ಕಟ್ಟಿದೆವು. ನಮ್ಮ ಕಡೆ ಕೊಟ್ಟಿಗೆಗೆ ದಿನವೂ ಸೊಪ್ಪು ಹಾಸುವ ಪದ್ಧತಿ. ಬೆಟ್ಟದಿಂದ ಸೊಪ್ಪು ಕಡಿದು ತಂದು ದನದ ಕಾಲಡಿಗೆ ಹರಡುವುದು, ಸಗಣಿ ಗಂಜಲ ಬೆರೆತ ಮೇಲೆ ಗೊಬ್ಬರಕ್ಕೆ ಎಳೆಯುವುದು. ಬರೀ ನೆಲದ ಮೇಲೆ ದನ ಮಲಗಿಸಿದ ಹೆಂಗಸಿಗೆ ಕೇರಿಯಲ್ಲಿ ಮರ್ಯಾದೆ ಇಲ್ಲ. ಅತ್ತೆ ಮದುವೆಯಾಗಿ ಬಂದ ಲಾಗಾಯ್ತು ಸೊಪ್ಪು ಹಾಸಿದವರು. ಆಡಿಗೂ ಹಾಸಿದರು. ಬೆಳಿಗ್ಗೆ ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ಕಡ್ಡಿ ಮಾತ್ರ.

“ಹಾಸಿಗೆಯನ್ನೇ ತಿಂತಾವಲ್ಲೆ ಇವು!” ಎಂದು ಅತ್ತೆ ಬಾಯ ಮೇಲೆ ಕೈ ಇಟ್ಟುಕೊಂಡರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಕೇರಿಗೆ ತಿರುಗಿ ಬಂದ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು.

ಮಳೆ ಹಿಡಿದ ಮೇಲೆ ನಗು ನಿಂತಿತು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಆಷಾಢ ಕಂಡವರಲ್ಲ. ಒದ್ದೆ ಸೊಪ್ಪು ಕಂಡರೆ ಅವು ಮುಖ ತಿರುಗಿಸಿದವು. ತಿನ್ನದ ಸೊಪ್ಪು ಕಾಲಡಿಗೆ ಕೊಳೆಯಿತು. ಒದ್ದೆಯಾಗಿದೆಯಲ್ಲ ಎಂದು ನಾವು ಅದರ ಮೇಲೆ ಮತ್ತಷ್ಟು ಹಾಸಿದೆವು. ಒಂದು ಕುಂಟತೊಡಗಿತು, ಪಾಪ ಎಂದು ಎರಡು ಹೊರೆ ಹೆಚ್ಚು ತಂದೆವು. ಮೂರು ಕುಂಟಿದವು. ಗೊರಸಿನ ಸಂದಿಯಲ್ಲಿ ಕೊಳೆತ ವಾಸನೆ. ಎಲ್ಲಕ್ಕಿಂತ ಸಣ್ಣದು, ಕಂದು ಬಣ್ಣದ್ದು, ನಿಲ್ಲಲಾರದೆ ಮೇವು ಬಿಟ್ಟು ಸತ್ತೇಹೋಯಿತು. ನಾನು ಹಿತ್ತಲಲ್ಲಿ ಗುಂಡಿ ತೋಡುತ್ತಾ ಕಣ್ಣೀರು ಹಾಕಿದೆ. ನಮ್ಮ ಉಪಚಾರವೇ ಅದನ್ನು ಕೊಂದಿತ್ತು.

“ನಿಮ್ಮ ಮಗನಿಗೆ ಹೇಳಬೇಡಿ” ಎಂದೆ ಅತ್ತೆಯ ಹತ್ತಿರ.

“ನಾನೆಂತಕ್ಕೆ ಹೇಳಲಿ? ಬಾಯಿಗೆ ಬೀಗ” ಎಂದರು.

ಗುಡ್ನಾಪುರದವಳಿಗೆ ಫೋನ್ ಮಾಡಿದರೆ ಅವಳು ಬೈದೇಬಿಟ್ಟಳು. “ಅಕ್ಕಾರ, ಅದೇನ್ ಎಮ್ಮೀ ಏನ್ರಿ, ಕಾಲಾಗ ತಪ್ಪಲಾ ಹಾಸಾಕ? ಆಡಿಗೆ ಒಣಾ ಜಾಗಾ ಬೇಕ್ರಿ. ನಿಮ್ಮ ಮಳಿಗೆ ಅಟ್ಟಾ ಕಟ್ರಿ. ತಪ್ಪಲಾ ಮ್ಯಾಲ ಕಟ್ರಿ, ಕೆಳಗ ಬ್ಯಾಡ.”

ಅದೇ ದಿನ ಕೊಟ್ಟಿಗೆಯನ್ನು ಬಾಚಿ ಬರಿದು ಮಾಡಿದೆ. ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಮೊಣಕಾಲೆತ್ತರಕ್ಕೆ, ಬೆರಳು ಹೋಗುವಷ್ಟು ಸಂದು ಬಿಟ್ಟು ಜೋಡಿಸಿ ಅಟ್ಟ ಕಟ್ಟಿದೆವು. ಹಿಕ್ಕೆಯೆಲ್ಲ ಕೆಳಗೆ ಬೀಳಬೇಕು. ದನದ ಡಾಕ್ಟರು ಹೇಳಿದಂತೆ, ಅಡಿಕೆಗೆ ಹೊಡೆಯುವ ಮೈಲುತುತ್ತವನ್ನು ತೆಳುವಾಗಿ ಕದಡಿ ಒಂದೊಂದರ ಕಾಲನ್ನೂ ಅದ್ದಿದೆ. ಅತ್ತೆಗೆ ಮಾತ್ರ ಸಮಾಧಾನವಿಲ್ಲ. ಯಾರಾದರೂ ಬಂದು ಬರೀ ದಬ್ಬೆ ನೋಡಿದರೆ ಎಂತ ಹೇಳುವುದು ಎಂದು ನನ್ನ ಕಣ್ಣು ತಪ್ಪಿಸಿ ಒಂದು ಹಿಡಿ ಸೊಪ್ಪು ಉದುರಿಸಿ ಬರುವರು. ನಾನು ಎತ್ತಿ ಎಸೆಯುವೆ. ಹೀಗೆ ಎಂಟು ದಿನ ನಮ್ಮಿಬ್ಬರ ಜಗಳ. ಒಂಬತ್ತನೆಯ ದಿನ ಕುಂಟುತ್ತಿದ್ದ ಎರಡೂ ನೆಟ್ಟಗೆ ನಿಂತದ್ದು ಕಂಡು ಅತ್ತೆ ತಾವೇ ಸೊಪ್ಪಿನ ಕಟ್ಟನ್ನು ಒಲೆಯ ಮೇಲೆ ಆರಿಸಿ ತಂದು ಜಂತಿಗೆ ಕಟ್ಟಿದರು.

ಭಾನುವಾರ ಭಾನುವಾರ ನಮ್ಮವರ ಫೋನ್ ಬರುತ್ತಿತ್ತು. “ಆರೂ ಇದ್ದಾವಾ?” “ಇದ್ದಾವೆ” ಎನ್ನುತ್ತಿದ್ದೆ. ಫೋನ್ ಇಟ್ಟವಳೇ ಹೋಗಿ ಐದನ್ನೂ ಮತ್ತೊಮ್ಮೆ ಎಣಿಸಿ ಬರುತ್ತಿದ್ದೆ. ಆದರೂ ಹೇಳುತ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಖುಷಿಯ ಮಳೆಗಾಲ ಇನ್ನೊಂದಿಲ್ಲ. ಮಳೆ ಹೊಳವಾದಾಗ ಆಡು ಬಿಟ್ಟು ನಾನು ಮಣ್ಣುದಿಬ್ಬದ ಮೇಲೆ ಕೂರುತ್ತಿದ್ದೆ. ಅಡಿಯಲ್ಲಿ ನಮ್ಮದೇ ಗದ್ದೆ.

ನವರಾತ್ರಿ ಹತ್ತಿರ ಬಂದಾಗ ಆಡೊಂದು ಮರಿ ಹಾಕಿತು, ಜೋಡಿ ಮರಿ. ಅದಾಗಿ ಎರಡು ದಿನಕ್ಕೆ ಕೆಳಗಿನ ರಸ್ತೆಯಲ್ಲಿ ಒಂದು ಟೆಂಪೋ ಬರುವುದು ಕಂಡಿತು. ಮುಂದೆ ಕೂತವರು ನಮ್ಮವರು. ಸುದ್ದಿ ಗೊತ್ತಾಗಿದೆ, ನಮ್ಮನ್ನು ತುಂಬಿಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡೆ. ಎರಡೂ ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಐದನ್ನೂ ದಿಬ್ಬದಾಚೆಯ ಪೊದೆಗೆ ಅಟ್ಟಿದೆ. ಹುಡುಕಿ ಹತ್ತಿಸಿಕೊಳ್ಳಲಿ ನೋಡೋಣ ಎಂದು ಅಲ್ಲೇ ಕೂತೆ.

“ಎಲ್ಲಿ ಹೋದ್ಯೆ? ಬಾರೆ, ಸಾಮಾನು ಇಳಿಸೂಕೆ ಕೈ ಹಾಕು!” ಎಂದು ಅತ್ತೆ ಅಂಗಳದಿಂದ ಕೂಗಿದರು.

ಇಳಿದು ಬಂದೆ. ಟೆಂಪೋದಲ್ಲಿ ಹಾಸಿಗೆ, ಪಾತ್ರೆ, ಗ್ಯಾಸಿನ ಒಲೆ, ಗಾರೆ ಕೆಲಸದ ಕರಣೆ ಎಲ್ಲ ಇದ್ದವು. ಖೋಲಿ ಖಾಲಿ ಮಾಡಿಯೇ ಬಂದಿದ್ದರು.

“ಒಂದು ಸತ್ತುಹೋಗಿದೆ” ಎಂದೆ. ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ.

“ಗೊತ್ತದೆ. ಅಮ್ಮ ಅವತ್ತೇ ಫೋನ್ ಮಾಡಿ ಹೇಳಿತ್ತು.”

ಅತ್ತೆ ಪಾತ್ರೆಯ ಚೀಲ ಎತ್ತಿಕೊಂಡು ಸರಸರ ಒಳಗೆ ನಡೆದರು.

“ಮತ್ತೆ ವಾರ ವಾರ ಆರೂ ಇದ್ದಾವಾ ಕೇಳ್ತಿದ್ದದ್ದು ಎಂತಕ್ಕೆ?”

“ನೀ ಆರೂ ಇದ್ದಾವೆ ಅಂತ ಸುಳ್ಳು ಹೇಳೋವರೆಗೂ ನಿಂಗೆ ಇಲ್ಲೇ ಇರಬೇಕು ಅಂತ ಅದೆ, ಅಲ್ದಾ? ಅಷ್ಟು ಗೊತ್ತಾದ್ರೆ ಸಾಕಿತ್ತು ನಂಗೆ.”

ಸಿಟ್ಟು ಬಂತು, ಅಳುವೂ ಬಂತು. ಮರಿಗಳನ್ನು ಅವರ ಕೈಗೆ ತುರುಕಿ, ಗ್ಯಾಸಿನ ಒಲೆ ಎತ್ತಿಕೊಂಡು ಒಳಗೆ ಹೋದೆ.