ಮೌನಪ್ಪ ಸ್ಟೇರಿಂಗ್ ಬಿಟ್ಟದ್ದು

ದೇವದುರ್ಗದಿಂದ ಸಿರವಾರದ ಮೇಲೆ ಮಾನ್ವಿಗೆ ಹೋಗುವ ಸರ್ಕಾರಿ ಬಸ್ಸಿನ ಡ್ರೈವರ್ ಮೌನಪ್ಪ. ಕೂಲಿ ಮಾಡಿ ಬದುಕಿದ ಮನೆತನದಲ್ಲಿ ನೌಕರಿ ಕಂಡ ಮೊದಲಿಗ. ಖಾಕಿ ಅಂಗಿಯನ್ನು ಹೆಂಡತಿ ಉಮಾದೇವಿಗೂ ಮುಟ್ಟಗೊಡದೆ ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಗಾಡಿಗೆ ಒಂದು ಗೀರು ಬಿದ್ದರೂ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಭತ್ತದ ಕೊಯ್ಲಿನ ದಿನಗಳು. ಕೂಲಿ ಹೆಂಗಸರಿಂದ ತುಂಬಿದ್ದ ಅವನ ಬಸ್ಸು ಸಿರವಾರ ಸರ್ಕಲ್ ದಾಟಿದ್ದೇ ಲಿಂಗಸುಗೂರಿನ ದಾರಿ ಹಿಡಿಯಿತು. ಜನ ಕೂಗಿಕೊಂಡರು. ಕಂಡಕ್ಟರ್ ಸಾಬಣ್ಣ ಮುಂದಕ್ಕೆ ನುಗ್ಗಿ ಬಂದ.

“ಯಣ್ಣಾ, ಎಲ್ಲಿಗಿ ಹೊಂಟಿ? ಮಾನ್ವಿ ಆ ಕಡಿ ಅದ.”

ಮೌನಪ್ಪ ಗಾಡಿ ನಿಲ್ಲಿಸಿದ. ಎಷ್ಟೋ ವರ್ಷ ಓಡಾಡಿದ ಸರ್ಕಲ್ಲು ಯಾವುದೋ ಕಾಣದ ಊರಿನದರಂತೆ ಕಂಡಿತು. ಸ್ವಲ್ಪ ಹೊತ್ತಿಗೆ ಎಲ್ಲ ತಿಳಿಯಾಯಿತು, ಗಾಡಿ ತಿರುಗಿತು. ಸಾಬಣ್ಣ ಜನರಿಗೆ ಏನೋ ಸುಳ್ಳು ಹೇಳಿ ಸಮಾಧಾನ ಮಾಡಿದ.

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಮೌನಪ್ಪ ಬಾಯಿಬಿಟ್ಟ. “ಇದು ಮೊದಲ್ನೇ ಸಲ ಅಲ್ಲೋ. ಮೊನ್ನೆ ಬ್ರೇಕ್ ಯಾವುದು, ಕ್ಲಚ್ ಯಾವುದು ಅಂತ ಒಂದು ಚಣ ತಿಳೀಲಿಲ್ಲ.”

“ನಿನಗ ನಿದ್ದಿ ಸಾಲವಲ್ದು. ಯಾರ ಮುಂದೂ ಹೇಳಬ್ಯಾಡ. ನಾ ಬಾಜೂಕ ಇರ್ತೀನಲ್ಲ,” ಎಂದ ಸಾಬಣ್ಣ.

ಮೌನಪ್ಪ ಬಸ್ಸಿನ ಕಡೆ ನೋಡಿದ. ಆಗಲೇ ಜನ ಹತ್ತುತ್ತಿದ್ದರು. ಒಬ್ಬಾಕೆ ಕಂಕುಳಲ್ಲಿ ಕೂಸು ಹಿಡಿದಿದ್ದಳು. ಅವನು ಡಿಪೋಕ್ಕೆ ಫೋನು ಹಚ್ಚಿದ. “ಬ್ಯಾರೆ ಡ್ರೈವರ್‌ನ ಕಳಸ್ರಿ ಸಾಹೇಬ್ರ. ನಾ ಗಾಡಿ ಹೊಡೆಯಂಗಿಲ್ಲ.” ವಾಪಸು ಬರುವಾಗ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದ. ಕಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಮಗಳು ವಿಶಾಖಾ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸಕ್ಕಿದ್ದಳು. ವಿಷಯ ತಿಳಿದವಳೇ ಅಪ್ಪ-ಅವ್ವ ಇಬ್ಬರನ್ನೂ ಅಲ್ಲಿನ ನರರೋಗದ ವೈದ್ಯೆ ಯಶೋಧಾ ಅವರ ಬಳಿ ಕರೆದೊಯ್ದಳು. ನೆನಪಿನ ಪರೀಕ್ಷೆಯಲ್ಲಿ ಆಗಷ್ಟೇ ಕೇಳಿದ ಪದಗಳನ್ನು ಮತ್ತೆ ಹೇಳಲು ಮೌನಪ್ಪ ತಡವರಿಸಿದ. ರಕ್ತ ತೆಗೆದರು. ತಲೆಯ ಸ್ಕ್ಯಾನ್ ಆಯಿತು.

“ಇನ್ನೊಂದು ಪರೀಕ್ಷೆ ಅದರೀ,” ಎಂದರು ಡಾಕ್ಟರು. “ಮರೆವಿನ ರೋಗದ ಗುರುತು ಕಣ್ಣೀರಿನ್ಯಾಗೂ ಮೊದಲೇ ಸಿಗ್ತದೇನು ಅಂತ ನೋಡಾಕತ್ತೀವಿ. ಇನ್ನೂ ಅಧ್ಯಯನ ಅಷ್ಟ. ನಿಮಗ ಇದರಿಂದ ಉಪಯೋಗ ಆಗ್ತದಂತ ಹೇಳಾಕ ಬರಂಗಿಲ್ಲ. ಬ್ಯಾಡಂದ್ರ ಬಿಡ್ರಿ.”

“ಮುಂದ ಯಾರಿಗಾದ್ರೂ ಉಪಯೋಗ ಆಗ್ತದೇನ್ರಿ?”

“ಆಗಬಹುದು.”

“ಹಂಗಾದ್ರ ತಗೋರಿ. ಅಳಬೇಕೇನು?”

ಡಾಕ್ಟರು ನಕ್ಕರು. ಸಣ್ಣ ಕಾಗದದ ಪಟ್ಟಿಯನ್ನು ಅವನ ಕೆಳರೆಪ್ಪೆಯಂಚಿಗೆ ಸಿಕ್ಕಿಸಿ ಕಣ್ಣು ಮುಚ್ಚಲು ಹೇಳಿದರು. ತಾಯಿ ಸತ್ತಾಗಲೂ ಅಳದೆ ಚಟ್ಟಕ್ಕೆ ಹೆಗಲು ಕೊಟ್ಟವನು ಮೌನಪ್ಪ. ಈಗ ಪಟ್ಟಿ ಮೆಲ್ಲಗೆ ತೇವವಾಗುತ್ತ ಹೋಯಿತು. ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದ ಉಮಾದೇವಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆ ಮೂರೂ ಒಂದೇ ಮಾತು ಹೇಳಿದವು: ಅಲ್ಜೈಮರ್ ಕಾಯಿಲೆ, ಇನ್ನೂ ಮೊದಲ ಹಂತ. ಪೂರ್ತಿ ಗುಣವಾಗುವುದಲ್ಲ; ಗುಳಿಗೆ, ನಡಿಗೆ, ಜನರ ಜೊತೆ ಮಾತುಕತೆ ಕೆಲಕಾಲ ಆಸರೆಯಾಗುತ್ತವೆ ಎಂದರು.

“ಇಷ್ಟು ಜಲ್ದಿ ಯಾಕ ತಿಳೀಬೇಕಾಗಿತ್ತು?” ಎಂದು ಉಮಾದೇವಿ ದಾರಿಯುದ್ದಕ್ಕೂ ಕೊರಗಿದಳು.

“ತಡಾ ಆಗಿದ್ರ ಗಾಡಿ ಎಲ್ಲೆರ ಕಾಲುವಿಗಿ ಬಿದ್ದ ಮ್ಯಾಲ ತಿಳೀತಿತ್ತು,” ಎಂದ ಮೌನಪ್ಪ.

ಡಿಪೋದಲ್ಲಿ ಅವನಿಗೆ ಬಸ್ಸು ತೊಳೆಸುವ ಕಡೆ ಕೆಲಸ ಕೊಟ್ಟರು. ಹೋದ ಮೊದಲ ದಿನವೇ ಎಲ್ಲರೆದುರು ನಿಂತು, “ನನಗ ಮರೆವಿನ ರೋಗ ಅದ. ಹೆಸರು ಮರತ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ನೀವ ಹೇಳಿಬಿಡ್ರಿ,” ಎಂದ. ಒಂದಿಬ್ಬರು ನೆಲ ನೋಡಿದರು. ಮರುದಿನ ಮೆಕ್ಯಾನಿಕ್ ಬಂದವನೇ, “ನಾ ಅಮರೇಶರೀ, ಚಹಾ ಕುಡಿಯಾಕ ಬರ್ರಿ,” ಎಂದು ಕರೆದ. ಎಲ್ಲರೂ ಮೊದಲು ತಮ್ಮ ಹೆಸರು ಹೇಳಿ ಅವನನ್ನು ಮಾತಾಡಿಸುವುದೇ ರೂಢಿಯಾಯಿತು.

ಒಂದು ಭಾನುವಾರ ವಿಶಾಖಾ ರಾಯಚೂರಿನಿಂದ ಬಂದಳು. ಹೊಸ್ತಿಲಲ್ಲೇ ನಿಂತು, ಅಳುಕುತ್ತ, “ಯಪ್ಪಾ, ನಾ ವಿಶಾಖಾ,” ಎಂದಳು.

ಮೌನಪ್ಪ ಗದರಿದ. “ಏ ಹುಚ್ಚಿ, ಆ ಹೆಸರಿಟ್ಟಾಂವ ನಾನ. ಒಳಗ ಬಾ, ನಿಮ್ಮವ್ವ ರೊಟ್ಟಿ ಬಡಿಯಾಕತ್ಯಾಳ.”