ಲಗ್ನಪತ್ರಿಕೆಯ ಗ್ಯಾಸ್ಕೆಟ್ಟು

ಹೋದ ವರ್ಷದ ಮಾತು. ಹೊಳೆನರಸೀಪುರದಲ್ಲಿ ನಾನು ಸ್ವಂತ ಗ್ಯಾರೇಜು ಹಾಕಿ ಇಪ್ಪತ್ತು ವರ್ಷ ದಾಟಿತ್ತು. ಅದಕ್ಕೂ ಮೊದಲು ಹಾಸನದ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಟೂ-ಸ್ಟ್ರೋಕ್ ಇಂಜಿನ್ ಎಂದರೆ ಸುತ್ತಮುತ್ತಲಿನವರು ನನ್ನ ಹೆಸರು ಹೇಳುತ್ತಿದ್ದರು. ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ ಎಂದು ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಆ ಜಂಬ ಒಂದೇ ಬೆಳಿಗ್ಗೆ ಇಳಿದುಹೋಯಿತು.

ಒಂದು ದಿನ ಗೂಡ್ಸ್ ಆಟೋದಲ್ಲಿ ಒಂದು ಡರ್ಟ್ ಬೈಕು ಬಂತು. ಮಣ್ಣಿನ ಹಾದಿಯಲ್ಲಿ ಓಡಿಸಲೆಂದೇ ಮಾಡಿದ, ಎಪ್ಪತ್ತರ ದಶಕದ ವಿದೇಶಿ ಬೈಕು. ಟ್ಯಾಂಕು ತುಕ್ಕು, ಸೀಟು ಇಲಿಗಳ ಪಾಲು, ಕಿಕ್ಕರ್ ಒತ್ತಿದರೆ ಕಲ್ಲಿನಂತೆ ಅಲುಗದು. ನೋಡಿದ ಕೂಡಲೇ ಗುರುತು ಹಿಡಿದೆ. ಇಪ್ಪತ್ತಾರು ವರ್ಷದ ಹಿಂದೆ ಚನ್ನರಾಯಪಟ್ಟಣದ ಹತ್ತಿರ ನಡೆದ ಒಂದು ರೇಸಿಗೆ ಇದನ್ನು ಸಜ್ಜು ಮಾಡಿದವನು ನಾನೇ. ಓಡಿಸಿದವನು ಮಲ್ಲಿಪಟ್ಟಣದ ಕಡೆಯ ರಂಗಣ್ಣ. ಎರಡನೇ ಸುತ್ತಿನಲ್ಲಿ ಇಂಜಿನ್ ಹಿಡಿದುಕೊಂಡು, ಹಿಂದಿನ ಚಕ್ರ ನಿಂತು, ರಂಗಣ್ಣ ಎಗರಿ ಬಿದ್ದಿದ್ದ. ಬಲಗಾಲು ಮೂರು ಕಡೆ ಮುರಿದು, ಆಮೇಲೆ ಸರಿಯಾಗಿ ಕೂಡಿಕೊಳ್ಳಲೇ ಇಲ್ಲ.

ಬೈಕು ತಂದವನು ಅವನ ತಮ್ಮ ಲೋಕೇಶ. ಆಗ ಹದಿನೇಳರ ಹುಡುಗ, ಈಗ ಕೂದಲು ನರೆತಿದೆ. ಅಣ್ಣ ಇಷ್ಟು ವರ್ಷ ಬೈಕನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮೂಲೆಯಲ್ಲಿ ತಳ್ಳಿದ್ದನಂತೆ. ಬ್ಯಾರನ್ ಕೆಡವಿದಾಗ ಅರಕಲಗೂಡಿನ ಗುಜರಿಗೆ ಹಾಕಿದನಂತೆ. ಲೋಕೇಶ ಅಲ್ಲಿಂದ ಅದನ್ನು ಬಿಡಿಸಿಕೊಂಡು ಬಂದಿದ್ದ. ರೇಸಿನ ದಿನದಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಬೀದಿಯಲ್ಲಿದ್ದರೂ ಅಣ್ಣ ಎದುರು ಬಂದರೆ ಮುಖ ತಿರುಗಿಸುತ್ತಾನೆ.

“ಒಂದ್ಸಲ ಇದು ಓಡ್ಬೇಕು ಮೇಸ್ತ್ರಿ. ಅವ್ನ ಬಾಗ್ಲಿಗೆ ತಗೊಂಡೋಗಿ, ತಪ್ಪಾಯ್ತು ಕಣಣ್ಣ ಅಂತ ಕೇಳ್ಕಂತೀನಿ” ಎಂದ.

ಯಾವ ತಪ್ಪು ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಟೂ-ಸ್ಟ್ರೋಕ್ ಬೈಕಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಬೆರೆಸದಿದ್ದರೆ ಪಿಸ್ಟನ್ ಕಾದು ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ರೇಸಿನ ದಿನ ಪೆಟ್ರೋಲ್ ತುಂಬಿಸಿದವನು ಲೋಕೇಶ. ಬಿದ್ದ ಬೈಕಿನ ಟ್ಯಾಂಕು ಒಡೆದು ಪೆಟ್ರೋಲೆಲ್ಲ ನೆಲಕ್ಕೆ ಹೋಗಿತ್ತು. ನಾನು ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ಒಂದನ್ನೇ ಬಿಚ್ಚಿ, ಗೀರುಬಿದ್ದ ಸಿಲಿಂಡರ್ ನೋಡಿ, ಹತ್ತು ಜನರ ಮುಂದೆ “ಆಯಿಲ್ ಹಾಕಿಲ್ಲ” ಎಂದಿದ್ದೆ. ಹೆಡ್ ಮೆಕ್ಯಾನಿಕ್ಕಿನ ಮಾತು, ಎದುರಾಡುವವರು ಯಾರು? ಹುಡುಗ ಅಳುತ್ತ ಹಾಕಿದ್ದೀನಿ ಎಂದು ಆಣೆ ಇಟ್ಟದ್ದು ಯಾರಿಗೂ ಕೇಳಿಸಲೇ ಇಲ್ಲ.

ಕೆಲಸ ಶುರು ಮಾಡಿದೆ. ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ಐದು ದಿನ ನೆನೆಯಲು ಬಿಟ್ಟೆ. ಆರನೆಯ ದಿನ ಕಾರ್ಬುರೇಟರ್ ಬಿಚ್ಚಿ, ಅದನ್ನು ಸಿಲಿಂಡರಿಗೆ ಜೋಡಿಸುವ ಮ್ಯಾನಿಫೋಲ್ಡ್ ಕಿತ್ತೆ. ಎರಡರ ನಡುವೆ ಗಾಳಿ ನುಸುಳದಂತೆ ಗ್ಯಾಸ್ಕೆಟ್ ಎಂಬ ಹಾಳೆ ಇರುತ್ತದೆ. ನಮ್ಮ ಕಾಲದಲ್ಲಿ ಸಣ್ಣ ಊರಿನ ಗ್ಯಾರೇಜುಗಳಲ್ಲಿ ಗ್ಯಾಸ್ಕೆಟ್ ಶೀಟು ಮುಗಿದಾಗ ಹಳೆಯ ಮದುವೆ ಕಾರ್ಡನ್ನೇ ಅಳತೆಗೆ ಕತ್ತರಿಸಿ ಹಾಕುತ್ತಿದ್ದೆವು. ಮಂದ ಕಾಗದ, ನಾಲ್ಕು ದಿನ ನಡೆಯುತ್ತದೆ ಎಂಬ ಧೈರ್ಯ. ಇಲ್ಲೂ ಅಂಥದೇ ಇತ್ತು. ಒಳ ಅಂಚು ಪೆಟ್ರೋಲಿನಲ್ಲಿ ನೆಂದು ಹರಿದು ಅರ್ಧ ಮಾಯವಾಗಿತ್ತು. ಉಳಿದ ಹಳದಿ ತುಂಡನ್ನು ಬೆಳಕಿಗೆ ಹಿಡಿದೆ. ಕೆಂಪು ಅಕ್ಷರದಲ್ಲಿ “ಚಿ|| ಸೌ|| ಜಯಲ” ಎಂದಿತ್ತು.

ಜಯಲಕ್ಷ್ಮಿ ನನ್ನ ಹೆಂಡತಿ.

ರೇಸಿನ ಹಿಂದಿನ ದಿನ ಶೀಟು ಮುಗಿದಿತ್ತು. ಆ ವಾರ ಹಂಚುತ್ತಿದ್ದ ನನ್ನದೇ ಮದುವೆಯ ಪತ್ರಿಕೆ ಚೀಲದಲ್ಲಿತ್ತು. ಒಂದನ್ನು ಕತ್ತರಿಸಿ ಹಾಕಿದ್ದೆ. ಅದು ಹರಿದು ಗಾಳಿ ನುಗ್ಗಿದೆ. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆಗಿನ ಆಯಿಲ್ಲೂ ಕಡಿಮೆಯಾಗುತ್ತದೆ, ಪಿಸ್ಟನ್ ಹಿಡಿಯುತ್ತದೆ. ಆಯಿಲ್ ಹಾಕದಿದ್ದರೆ ಬೀಳುವಂಥದೇ ಗೀರು ಬೀಳುತ್ತದೆ. ಆ ದಿನ ಇನ್ನೆರಡು ನಟ್ಟು ಬಿಚ್ಚಿದ್ದರೆ ಕಾಣುತ್ತಿತ್ತು. ನಾನು ಬಿಚ್ಚಲಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ತುಂಡನ್ನು ಒಲೆಗೆ ಹಾಕಿಬಿಡೋಣ ಎನಿಸಿತು. ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಬಟ್ಟೆ ಒಗೆಯಲು ತೆಗೆದುಕೊಂಡ ಜಯಲಕ್ಷ್ಮಿಯ ಕೈಗೆ ಅದು ಸಿಕ್ಕಿತು. ತನ್ನ ಹೆಸರು ನೋಡಿ ನಕ್ಕಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಎಲ್ಲ ಹೇಳಿದೆ.

“ನೀವು ಓಗಿ ಏಳ್ತೀರೋ, ನಾನೇ ಓಗಿ ಏಳ್ಲೋ” ಎಂದಳು. ಅಷ್ಟೇ.

ಲೋಕೇಶನನ್ನು ಗ್ಯಾರೇಜಿಗೆ ಕರೆಸಿದೆ. ತುಂಡನ್ನು ಅವನ ಅಂಗೈಯಲ್ಲಿಟ್ಟು, ನಡೆದದ್ದನ್ನು ಒಂದೂ ಮರೆಮಾಚದೆ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಮೇಲಿತ್ತು. ಅವನು ಹಳೆಯ ಟೈರಿನ ಮೇಲೆ ಕೂತ.

“ಅಂಗಾದ್ರೆ ನಾನು ಆಯಿಲ್ ಆಕಿದ್ದೆ ಅಲ್ವಾ?” ಎಂದು ಕೇಳಿದ. “ಆಕಿದ್ದು ಗ್ಯಾಪ್ಕ ಇತ್ತು. ಆದ್ರೆ ನೀವು ಅಂಗಂದ್ಮೇಲೆ ನಾನೇ ಮರ್ತಿರ್ಬೇಕು ಅನ್ಕೊಂಡ್ಬುಟ್ಟೆ.”

ನಾನು ಬೆಚ್ಚಿಬಿದ್ದದ್ದು ಆಗ. ಅಣ್ಣನ ನಂಟು ಮಾತ್ರವಲ್ಲ, ತನ್ನ ನೆನಪಿನ ಮೇಲೆ ಅವನಿಗಿದ್ದ ನಂಬಿಕೆಯನ್ನೂ ನಾನು ಕಿತ್ತುಕೊಂಡಿದ್ದೆ.

ಮೂರು ವಾರ ಹಿಡಿಯಿತು. ಒಡೆದ ಟ್ಯಾಂಕಿಗೆ ಬೆಸುಗೆ ಹಾಕಿಸಿ, ಹಾಸನದಲ್ಲಿ ಗೀರು ಹೋಗುವಂತೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಅಳತೆಗೆ ಹೊಂದುವ ಪಿಸ್ಟನ್ ಹುಡುಕಿ ಕೂರಿಸಿದೆ. ಗ್ಯಾಸ್ಕೆಟ್ಟಿಗೆ ಕಂಪನಿಯ ಶೀಟನ್ನೇ ಹಾಕಿದೆ. ಒಂದು ಭಾನುವಾರ ಬೈಕನ್ನು ಅವರ ಊರಿಗೆ ಸಾಗಿಸಿದೆವು. ಲೋಕೇಶ ಬೀದಿಯಲ್ಲೇ ನಿಂತ, ನಾನು ಒಳಗೆ ಹೋದೆ. ರಂಗಣ್ಣ ನಡುಮನೆಯಲ್ಲಿದ್ದ, ಊರುಗೋಲು ಪಕ್ಕದಲ್ಲಿತ್ತು. ಹೇಳುವಷ್ಟನ್ನು ಹೇಳಿ ತುಂಡನ್ನು ಮುಂದಿಟ್ಟೆ. ಅವನು ಅದನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿದ.

“ನನ್ ಕಾಲು ಮುಟ್ಟಿ ಆಣೆ ಮಾಡ್ದ ಕಣಯ್ಯ ಅವ್ನು” ಎಂದ. “ನಾನು ನಿನ್ ಮಾತ್ ನಂಬ್ದೆ.”

ಹೊರಗೆ ಕಿಕ್ಕರಿನ ಸದ್ದಾಯಿತು. ಮೂರನೆಯ ಒದೆತಕ್ಕೆ ಇಂಜಿನ್ ಶುರುವಾಗಿ ಬೀದಿ ತುಂಬ ನೀಲಿ ಹೊಗೆ ಎದ್ದಿತು. ರಂಗಣ್ಣ ಊರುಗೋಲು ಹಿಡಿದು ಬಾಗಿಲಿಗೆ ಬಂದು ನಿಂತ. ತಮ್ಮನನ್ನು ನೇರವಾಗಿ ನೋಡಿದ.

“ಆಯಿಲ್ ಎಷ್ಟಾಕಿದೀಯ?”

“ಲೀಟ್ರಿಗೆ ಐವತ್ತೆಮ್ಮೆಲ್ ಕಣಣ್ಣ” ಎಂದ ಲೋಕೇಶ. “ಅವತ್ತೂ ಅಷ್ಟೇ ಆಕಿದ್ದೆ.”

“ಊಂ. ಗೊತ್ತಾಯ್ತು. ಒಳೀಕ್ ಬಾ.”

ಈಗ ನನ್ನ ಗ್ಯಾರೇಜಿಗೆ ಯಾವ ಗಾಡಿ ಬಂದರೂ ಪೂರ್ತಿ ಬಿಚ್ಚಿ ನೋಡದೆ ಬಾಯಿ ಬಿಡುವುದಿಲ್ಲ. ಅದರಲ್ಲೂ, ಯಾರ ತಪ್ಪು ಎಂದು ಯಾರಾದರೂ ಕೇಳಿದರೆ ಮೊದಲು ನಾನು ಮಾಡಿದ ಕೆಲಸವನ್ನೇ ಬಿಚ್ಚುತ್ತೇನೆ. ಮೇಸ್ತ್ರಿಗೆ ವಯಸ್ಸಾಯಿತು, ಮೊದಲಿನ ಚುರುಕಿಲ್ಲ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಬೈಕಿನ ಪಿಸ್ಟನ್ ಹುಡುಕಲು ನನಗೆ ನಾಲ್ಕು ದಿನ ಸಾಕಾಯಿತು. ಲೋಕೇಶನ ಇಪ್ಪತ್ತಾರು ವರ್ಷವನ್ನು ಎಲ್ಲಿ ಹುಡುಕಲಿ?